ಕಂಬ ನೆಡಲು ಒಬ್ಬ ಗಂಡ

ರೆಂಬಾ ದ್ವೀಪ
11 ಜನವರಿ 2015

ನನ್ನ ಮುದ್ದಿನ ಅಕೆಲೊ,

ನಿನ್ನ ಗಂಡ ಒಡೆರೊ ಇನ್ನೂ ಇದ್ದಾನೆ, ನಿನ್ನನ್ನು ಮರೆತಿಲ್ಲ. ಅಮ್ಮ, ಮಗಳು ತಬಿತಾ, ನೀನು ಮೂವರೂ ಸೌಖ್ಯವೆಂದು ತಿಳಿದಿದ್ದೇನೆ. ಎರಡು ವರ್ಷದಿಂದ ಬರೆಯಲಾಗಲಿಲ್ಲ, ಬೇಸರ ಮಾಡಿಕೊಳ್ಳಬೇಡ. ದ್ವೀಪದಲ್ಲಿ ಒಳ್ಳೆಯ ಪೆನ್ನು ಸಿಗುವುದಿಲ್ಲ. ಫೋನಂತೂ ಬಂಡೆಯ ತುದಿಗೆ ಹತ್ತಿ ನಿಂತರೂ ಹಿಡಿಯುವುದಿಲ್ಲ.

ಮೀನು ಕೊಳ್ಳಲು ಬರುವ ಮಿಲ್ಕಾ ಒಂದು ಸುದ್ದಿ ಹೇಳಿದಳು. ನಮ್ಮ ಕೊಯೂಗಿಗೆ ಬಿಳಿಯರ ಯಾವುದೋ ಸಂಸ್ಥೆ ಬಂದು, ಹುಲ್ಲಿನ ಸೂರಿನ ಮನೆಗಳನ್ನೆಲ್ಲ ಬರೆದುಕೊಂಡು, ಸುಮ್ಮಸುಮ್ಮನೆ ಫೋನಿಗೆ ದುಡ್ಡು ಹಾಕುತ್ತಿದೆಯಂತೆ. ಕೂಲಿ ಇಲ್ಲ, ಸಾಲವಲ್ಲ, ವಾಪಸು ಕೇಳುವುದಿಲ್ಲ! ಎಂಥ ಮೂರ್ಖರು. ಬಿರುಗಾಳಿಯಲ್ಲಿ ಬಲೆ ಎಳೆಯುವ ಗಂಡಸರನ್ನು ಬಿಟ್ಟು, ಬಾಗಿಲಲ್ಲಿ ಕೂತು ಹೇನು ಹೆಕ್ಕುವ ಹೆಂಗಸರಿಗೆ ದುಡ್ಡು. ಇರಲಿ, ಕೊಟ್ಟದ್ದು ಕೊಟ್ಟಾಯಿತು.

ಆದರೆ ಒಂದು ಮಾತು ಯೋಚಿಸು. ಆ ಸೂರಿಗೆ ಹುಲ್ಲು ಹೊದಿಸಿದ್ದು ಯಾರು? ನಾನು. ತಗಡು ಹಾಕಿಸದೆ ಇಷ್ಟು ವರ್ಷ ಹಾಗೇ ಬಿಟ್ಟದ್ದು ಯಾರು? ಅದೂ ನಾನೇ. ನಾನು ತಗಡು ಹಾಕಿಸಿಬಿಟ್ಟಿದ್ದರೆ ನಿನಗೆ ಒಂದು ಶಿಲಿಂಗೂ ಬರುತ್ತಿರಲಿಲ್ಲ. ಹಾಗೆ ನೋಡಿದರೆ ಇದು ನನ್ನ ಸಂಪಾದನೆಯೇ. ಇಲ್ಲಿ ಒಂದು ದೋಣಿಯ ಎಂಜಿನ್ ಮಾರಾಟಕ್ಕಿದೆ. ಅದೊಂದು ನನ್ನ ಕೈಗೆ ಬಂದರೆ ನಿಮ್ಮನ್ನೆಲ್ಲ ರಾಣಿಯರ ಹಾಗೆ ಇಡುತ್ತೇನೆ. ದುಡ್ಡನ್ನು ಮಿಲ್ಕಾಳ ಕೈಯಲ್ಲೇ ಕಳಿಸಬಹುದು, ನಂಬಿಗಸ್ತೆ.

ನಿನ್ನ ಮೇಲೆ ಪ್ರಾಣವಿಟ್ಟಿರುವ,
ಒಡೆರೊ


ಕೊಯೂಗಿ
20 ಜನವರಿ 2015

ತಬಿತಾಳ ಅಪ್ಪನವರಿಗೆ,

ತಮ್ಮ ಪತ್ರ ಬಂತು. ಮಿಲ್ಕಾ ಬುಟ್ಟಿಯ ತಳದಲ್ಲಿ ಒಣಮೀನಿನ ಕೆಳಗೆ ಇಟ್ಟು ತಂದಿದ್ದಳು. ಬಿಡಿಸುವ ಮೊದಲೇ ವಾಸನೆಯಿಂದ ತಮ್ಮದೇ ಎಂದು ಗೊತ್ತಾಯಿತು. ಬೆಲ್ಲ ಇದ್ದಲ್ಲಿ ಇರುವೆ ಎಂದು ಕೇಳಿದ್ದೆ. ಆದರೆ ನೀರು ದಾಟಿ, ದ್ವೀಪದಿಂದ ಬರುವ ಇರುವೆಯನ್ನು ಈಗಲೇ ಕಂಡದ್ದು.

ಹುಲ್ಲಿನ ಸೂರು ತಮ್ಮ ಸಂಪಾದನೆ ಎಂದು ಬರೆದಿದ್ದೀರಿ. ಒಪ್ಪಿದೆ. ಗೋಡೆಯ ಗೆದ್ದಲೂ ತಮ್ಮದೇ. ಡಿಸೆಂಬರಿನಲ್ಲಿ ಹಿಂಬದಿಯ ಗೋಡೆ ಅರ್ಧ ಕುಸಿದದ್ದೂ ತಮ್ಮದೇ ದುಡಿಮೆ. ತಬಿತಾ ಅತ್ತೆಯ ಗುಡಿಸಲಿನಲ್ಲಿ ಮಲಗಿದ್ದಳು, ಅದಕ್ಕೆ ಉಳಿದಳು. ಉಳಿದ ಅರ್ಧಕ್ಕೆ ನಾನು ಬೊಡ್ಡೆ ಒತ್ತು ಕೊಟ್ಟು ನಿಲ್ಲಿಸಿದ್ದೇನೆ. ಮಾರ್ಚಿಯ ಮಳೆ ಹಿಡಿಯಿತೆಂದರೆ ಆ ಗೋಡೆ ನನ್ನ ಮೇಲೆ ಬೀಳುತ್ತದೆ, ಇಲ್ಲವೇ ಮಗಳ ಮೇಲೆ.

ದುಡ್ಡಿನ ಕಥೆ ಕೇಳಿದಿರಿ, ಹೇಳುತ್ತೇನೆ. ಸಂಸ್ಥೆಯ ಹುಡುಗಿಯೊಬ್ಬಳು ಬಂದು ಮನೆಮನೆಯ ಸೂರು ನೋಡಿಕೊಂಡು ಹೋದಳು. ಬಿಳಿಯಳಲ್ಲ, ನಮ್ಮ ಕಿಸುಮು ಕಡೆಯವಳೇ. ಅವಳು ಹೋದ ಮರುದಿನವೇ ಊರು ತುಂಬ ಗುಲ್ಲು: ಅದು ಸೈತಾನನ ದುಡ್ಡು, ತೆಗೆದುಕೊಂಡವರ ಹಾಸಿಗೆಯಡಿ ಹಾವಾಗಿ ಹರಿಯುತ್ತದೆ, ಮೊದಲ ಮಗುವನ್ನು ಕೇಳುತ್ತದೆ. ಪಾದ್ರಿಯವರು ಪೂಜೆಯಲ್ಲೇ ಕೂಗಿ ಹೇಳಿದರು, "ಮುಟ್ಟಬೇಡ್ರಿ! ಬೆವರಿಲ್ಲದ ದುಡ್ಡು ನರಕದ ದಾರಿ!" ಐದಾರು ಮನೆಯವರು ಹೆದರಿ ಬೇಡವೆಂದರು. ನಾನು ಹೆದರಲಿಲ್ಲ. ನನ್ನ ಹಾಸಿಗೆಯಡಿ ಹಾವು ಬಂದರೂ ಬರಲಿ, ಮಾತಾಡಿಸಲು ಒಂದು ಜೀವವಾದರೂ ಸಿಗುತ್ತದೆ ಎಂದುಕೊಂಡೆ.

ಮೊದಲ ಕಂತು ಬಂದ ಸಂಜೆಗೇ ಪಾದ್ರಿಯವರು ನಮ್ಮ ಬಾಗಿಲಲ್ಲಿ.

"ದೇವರು ದೊಡ್ಡವನು, ತಾಯಿ. ಹತ್ತರಲ್ಲೊಂದು ಪಾಲು ಅವನದ್ದು."

"ಸೈತಾನನ ದುಡ್ಡು ಅಂದ್ರಲ್ಲ ಅಯ್ಯನೋರೆ, ದೇವರಿಗೆ ಹೆಂಗೆ ಕೊಡ್ಲಿ?"

"ಪ್ರಾರ್ಥನೆ ಮಾಡಿದ್ರೆ ಶುದ್ಧ ಆಗತ್ತೆ."

"ಹಂಗಾದ್ರೆ ಪ್ರಾರ್ಥನೆ ಮಾಡಿ ಇಲ್ಲೇ ಬಿಟ್ಟುಹೋಗಿ. ಶುದ್ಧವಾಗಿದ್ದನ್ನ ನಾನೇ ಬಳಸ್ಕೋತೀನಿ."

ಚಹಾ ಕುಡಿದು ಹೋದರು. ಆ ಚಹಾಕ್ಕೆ ಹಾಲಿತ್ತು, ಸಕ್ಕರೆಯಿತ್ತು. ಈಗ ನಮ್ಮ ಮನೆಯಲ್ಲಿ ಮಧ್ಯಾಹ್ನವೂ ಒಲೆ ಉರಿಯುತ್ತದೆ. ತಬಿತಾಳಿಗೆ ಶಾಲೆಯ ಬೂಟು ತಂದೆ. ಮೂರು ದಿನ ಅದನ್ನೇ ನೋಡುತ್ತ ನಡೆದು, ಎರಡು ಸಲ ಬೇಲಿಗೆ ಹಾಯ್ದು ಬಂದಳು. ಅತ್ತೆಗೆ ಒಂದು ಹಾಸಿಗೆ ತಂದುಕೊಟ್ಟೆ. ಕೊಳೆಯಾದೀತೆಂದು ಅದರ ಪಕ್ಕದಲ್ಲಿ ನೆಲದ ಮೇಲೆ ಮಲಗುತ್ತಿದ್ದರು. ಬೈದು ಮೇಲೆ ಹತ್ತಿಸಬೇಕಾಯಿತು. ನಿನ್ನೆ ಮೊನ್ನೆಯವರೆಗೆ ಬಾವಿಕಟ್ಟೆಯಲ್ಲಿ ನನ್ನ ಕೊಡವನ್ನು ಪಕ್ಕಕ್ಕೆ ತಳ್ಳುತ್ತಿದ್ದವರು ಈಗ "ಅಕೆಲೊ ಅಕ್ಕಾ" ಎನ್ನುತ್ತಾರೆ. ಬೆನ್ನು ತಿರುಗಿಸಿದರೆ, "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ" ಎನ್ನುತ್ತಾರೆ. ತಗಡಿನ ಮನೆಯವರ ಹೊಟ್ಟೆಯುರಿ ಕೇಳಬೇಡಿ. ಒಬ್ಬ ಮಹಾರಾಯ ತನ್ನ ತಗಡೆಲ್ಲ ಕಿತ್ತು ಜೋಳದ ಹೊಲದಲ್ಲಿ ಬಚ್ಚಿಟ್ಟು, ಸೂರಿಗೆ ಹುಲ್ಲು ಹೊದಿಸಿಕೊಂಡು ಬಡವನಾಗಿ ಕೂತ. ಮರದ ಪಟ್ಟಿಗಳಲ್ಲಿ ಮೊಳೆಯ ತೂತು ನೋಡಿ ಆ ಹುಡುಗಿ ನಕ್ಕು ಹೋದಳು. ಈಗ ತಗಡೂ ಇಲ್ಲ, ಯಾರೋ ಹೊತ್ತುಕೊಂಡು ಹೋದರು.

ಎರಡನೇ ಕಂತಿನಲ್ಲಿ ಕಂಬ, ತಗಡು, ಮೊಳೆ ಎಲ್ಲ ತಂದು ಅಂಗಳದಲ್ಲಿ ಜೋಡಿಸಿದ್ದೇನೆ. ದುಡ್ಡು ದುಡ್ಡಾಗಿಯೇ ಇದ್ದರೆ ನೆಂಟರ ಬಾಯಲ್ಲಿ ಕರಗುತ್ತದೆ. ಹೊಸ ಮನೆ ಏಳುವುದಕ್ಕೆ ಒಂದೇ ಒಂದು ಸಾಮಾನು ಕಡಿಮೆ. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮ ಪದ್ಧತಿಯಲ್ಲಿ ಗಂಡ ಮೊದಲ ಕಂಬ ನೆಟ್ಟು, ಮೊದಲ ರಾತ್ರಿ ಅಲ್ಲಿ ಮಲಗದೆ ಹೆಂಡತಿಯ ಮನೆ ಏಳಬಾರದಲ್ಲ. ತಾವು ಊರಲ್ಲಿದ್ದಾಗ ಒಂದು ಕೋಳಿಗೂಡನ್ನೂ ನೆಟ್ಟಗೆ ಕಟ್ಟಿದವರಲ್ಲ, ಆದರೂ ತಾವೇ ಬೇಕು. ತಮ್ಮ ಪ್ರೀತಿ ಬೇಡ, ಕೈ ಸಾಕು. ಅದೂ ಒಂದು ಕಂಬಕ್ಕೆ, ಒಂದು ರಾತ್ರಿಗೆ. ದೋಣಿಯ ಬಾಡಿಗೆಯನ್ನು ಮಿಲ್ಕಾಳ ಕೈಯಲ್ಲಿ ಕಳಿಸಿದ್ದೇನೆ. ಎಂಜಿನ್‌ಗೆ ಒಂದು ಶಿಲಿಂಗೂ ಇಲ್ಲ.

ಅಕೆಲೊ


ರೆಂಬಾ
2 ಫೆಬ್ರವರಿ 2015

ಅಕೆಲೊ,

ದುಡ್ಡು ಕಂಡ ಹೆಂಗಸಿನ ನಾಲಿಗೆ ಇಷ್ಟು ಉದ್ದವಾಗುತ್ತದೆಂದು ಗೊತ್ತಿರಲಿಲ್ಲ. ಆದರೂ ನಾನು ದೊಡ್ಡ ಮನಸ್ಸಿನವನು, ಕ್ಷಮಿಸಿದ್ದೇನೆ.

ಬಾಡಿಗೆ ತಲುಪಿತು. ಎರಡು ವರ್ಷದ ಮೇಲೆ ಊರಿಗೆ ಬರುವ ಗಂಡಸು ಹರಕು ಬಟ್ಟೆಯಲ್ಲಿ ಬಂದರೆ ನಿನಗೇ ಅವಮಾನವೆಂದು ಅದರಲ್ಲಿ ಒಂದು ಪ್ಯಾಂಟು ಹೊಲಿಸಿದೆ. ಈಗ ಪ್ಯಾಂಟು ಇದೆ, ಬಾಡಿಗೆ ಇಲ್ಲ. ಹವೆಯೂ ಸರಿಯಿಲ್ಲ.

ನೀನು ಬರೆದದ್ದರಲ್ಲಿ ಒಂದು ಮಾತು ಮಾತ್ರ ಸತ್ಯ: ನಾನಿಲ್ಲದೆ ಅಲ್ಲಿ ಒಂದು ಕಂಬವೂ ಏಳದು. ತಗಡು ಎಷ್ಟು ಬೇಕಾದರೂ ಜೋಡಿಸು, ಅದರ ಮೇಲೆ ಕೋಳಿ ಹಿಕ್ಕೆ ಹಾಕಲಿ. ಬಿಳಿಯರು ದುಡ್ಡು ಕೊಡಬಹುದು, ಗಂಡನನ್ನು ಕೊಡಲಾರರು. ನನ್ನ ಚಿಕ್ಕಪ್ಪನ ಮಗ, ಆ ಕಪ್ಪೆಮೋರೆಯ ಒಬುಯನನ್ನು ಕರೆದು ಕಂಬ ನೆಡಿಸುವ ಯೋಚನೆ ಬಂದರೆ ನೆನಪಿರಲಿ: ನಾನು ಬದುಕಿರುವಾಗ ಇನ್ನೊಬ್ಬ ನನ್ನ ಅಂಗಳದಲ್ಲಿ ಗುಣಿ ತೋಡಿದರೆ ದೊಡ್ಡಪ್ಪ ರಚುವೋನ್ಯೊ ಅವನ ಕಾಲು ಮುರಿಸುತ್ತಾರೆ. ನಿನ್ನ ಮೇಲೂ ಮಗಳ ಮೇಲೂ ಶಾಪ ಬೀಳುತ್ತದೆ.

ಎಂಜಿನ್ ಮೊದಲು, ಕಂಬ ಆಮೇಲೆ. ನೀನೇ ಲೆಕ್ಕ ಹಾಕು, ಮಳೆ ಯಾರಿಗೂ ಕಾಯುವುದಿಲ್ಲ.

ಒಡೆರೊ


ಕೊಯೂಗಿ
10 ಫೆಬ್ರವರಿ 2015

ತಬಿತಾಳ ಅಪ್ಪನವರಿಗೆ,

ಪ್ಯಾಂಟು ಹೊಲಿಸಿದ್ದು ಕೇಳಿ ಸಂತೋಷವಾಯಿತು. ಕಂಬ ನೆಡಲು ಕಳಿಸಿದ ದುಡ್ಡಿನಲ್ಲಿ ತಾವು ಸ್ವಂತ ಕಾಲಿಗೆ ಹೊದಿಕೆ ಹಾಕಿಸಿಕೊಂಡಿರಿ. ಯಾವುದೋ ಒಂದು ಕಟ್ಟಡಕ್ಕೆ ಬಿತ್ತಲ್ಲ, ಅಷ್ಟು ಸಾಕು.

ತಾವು ಅಲ್ಲಿ ಚಪಾತಿ ಸುಡುವ ಒಬ್ಬಾಕೆಯ ಮನೆಯಲ್ಲಿ ಇದ್ದೀರೆಂದು ಮಿಲ್ಕಾ ಹೇಳಿದ್ದು ಈಚೆಗಲ್ಲ, ಹೋದ ವರ್ಷವೇ. ನಾನು ಕೇಳಲಿಲ್ಲ, ತಾವು ಹೇಳಲಿಲ್ಲ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ, ಕನಿಕರವಿದೆ. ದಿನಕ್ಕೆ ಎಷ್ಟು ಚಪಾತಿ ಸುಟ್ಟರೆ ತಮ್ಮ ಹೊಟ್ಟೆ ತುಂಬುತ್ತದೆಂದು ನನಗೆ ಗೊತ್ತು.

ಶಾಪದ ಹೆದರಿಕೆ ಹಾಕಿದ್ದೀರಿ. ಅತ್ತೆಗೆ ಓದಿ ಹೇಳಿದೆ. "ಶಾಪ ಅಂತೆ ಶಾಪ. ಹೆತ್ತ ದಿನಾನೇ ಬಂದು ತೊಟ್ಟಿಲಲ್ಲಿ ಮಲಗಿತ್ತು," ಎಂದರು. ಆದರೆ ದೊಡ್ಡಪ್ಪನವರನ್ನು ಕೇಳಿದಾಗ ತಾವು ಬರೆದಂತೆಯೇ ಆಯಿತು. "ಗಂಡ ಬದುಕಿದ್ದಾನೆ ತಾಯಿ. ಅವನು ಬರ್ಲಿ. ಪದ್ಧತಿ ಮುರಿದು ಕಟ್ಟಿದ ಮನೇಲಿ ಮಗು ಉಳಿಯಲ್ಲ," ಎಂದರು. ತಾವು ಹೇಗೂ ಗೆದ್ದಿರಿ. ಹಾಳೂರಿಗೆ ಉಳಿದವನೇ ಗೌಡ.

ಇದು ಕೊನೆಯ ಸಲ ಕರೆಯುವುದು. ಈ ತಿಂಗಳ ಕೊನೆಯ ಶನಿವಾರ ಬಡಗಿ ಬರುತ್ತಾನೆ. ಮತ್ತೊಮ್ಮೆ ಬಾಡಿಗೆ ಕಳಿಸುತ್ತೇನೆ, ಆದರೆ ಈ ಸಲ ದೋಣಿಯವನ ಕೈಗೇ, ತಮ್ಮ ಕೈಗಲ್ಲ. ಬಂದು, ಕಂಬ ನೆಟ್ಟು, ಮಲಗಿ, ಬೆಳಿಗ್ಗೆ ಎದ್ದು ಹೋಗಿ. ಊಟ ಕೊಡುತ್ತೇನೆ. ಮಾತಾಡಿಸುವುದಿಲ್ಲ.

ಅಕೆಲೊ


ರೆಂಬಾ
3 ಮಾರ್ಚಿ 2015

ಮಾನ್ಯ ಅಕೆಲೊ ಅಮ್ಮನವರಿಗೆ,

ತಮಗೆ ನನ್ನ ಪರಿಚಯವಿಲ್ಲ. ನನ್ನ ಹೆಸರು ಒಂಬೊಗೊ, ತಮ್ಮ ಪತಿ ಒಡೆರೊ ಅವರ ಪ್ರಾಣಸ್ನೇಹಿತ. ಕೈ ನಡುಗುತ್ತಿದೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ.

ಕಳೆದ ಗುರುವಾರ ಒಡೆರೊ ಒಂಟಿಯಾಗಿ ದೋಣಿ ತೆಗೆದುಕೊಂಡು ಹೋದವರು ವಾಪಸು ಬಂದಿಲ್ಲ. ಅಂದು ಭಾರಿ ಗಾಳಿಯಿತ್ತು. ಶನಿವಾರ ತಮ್ಮ ಬಳಿಗೆ ಬರಲು ಅವರು ಸಿದ್ಧರಾಗಿದ್ದರು, ಹೊಸ ಪ್ಯಾಂಟು ಮಡಿಸಿ ದಿಂಬಿನಡಿ ಇಟ್ಟಿದ್ದರು. ತಮಗೊಂದು ದೊಡ್ಡ ಮೀನು ತರಬೇಕೆಂದು ಹೋದರು ಪಾಪ. ಅಂಥ ಉದಾರಿ, ಅಂಥ ಧೈರ್ಯಶಾಲಿ, ಅಂಥ ಸುಂದರ ಪುರುಷನನ್ನು ಈ ದ್ವೀಪ ಕಂಡಿಲ್ಲ. ಹೆಂಗಸರಂತೂ ಕಣ್ಣೀರು ನಿಲ್ಲಿಸಿಲ್ಲ.

ಹುಡುಕಲು ಎಂಜಿನ್ ದೋಣಿ ಬೇಕು, ಪೆಟ್ರೋಲು ಬೇಕು, ಆಳುಗಳಿಗೆ ಊಟ ಬೇಕು. ನಾವು ಗೆಳೆಯರು ಬಡವರು. ತಾವು ದೇವರ ದಯೆಯಿಂದ ಅನುಕೂಲವಾಗಿದ್ದೀರಿ ಎಂದು ಕೇಳಿದ್ದೇನೆ. ಗಂಡನ ಪ್ರಾಣಕ್ಕಿಂತ ತಗಡು ದೊಡ್ಡದಲ್ಲ. ಜೊತೆಗಿಟ್ಟ ಚೀಟಿಯ ನಂಬರಿಗೆ ಕೂಡಲೇ ದುಡ್ಡು ಹಾಕಿ. ನಾನು ಬಂಡೆ ಹತ್ತಿ ನೋಡುತ್ತೇನೆ. ಮಿಲ್ಕಾಳಿಗೆ ಏನೂ ಹೇಳಬೇಡಿ, ಆಕೆ ಬಾಯಿಬಡುಕಿ. ಈ ಪತ್ರವನ್ನು ಉಸೆಂಗೆಯ ದಡದ ಚಹಾ ಅಂಗಡಿಗೆ ತಲುಪಿಸಿದ್ದೇನೆ, ಉತ್ತರವನ್ನೂ ಅಲ್ಲೇ ಬಿಡಿ.

ದುಃಖಿ,
ಒಂಬೊಗೊ


ಕೊಯೂಗಿ
8 ಮಾರ್ಚಿ 2015

ಒಂಬೊಗೊ ಅಣ್ಣನವರಿಗೆ,

ತಮ್ಮ ಪತ್ರ ಓದಿ ಸಿಡಿಲು ಬಡಿದಂತಾಯಿತು. ನನ್ನ ಗಂಡನಿಗೆ ಇಂಥ ಸ್ನೇಹಿತರಿದ್ದಾರೆಂದು ಅವರು ಒಂದು ದಿನವೂ ಹೇಳಲಿಲ್ಲ.

ಪತ್ರವನ್ನು ಅತ್ತೆಗೆ ಓದಿದೆ. ಎರಡನೇ ಸಲ ಓದಿಸಿದರು. ಆಮೇಲೆ ದೊಡ್ಡಪ್ಪ ರಚುವೋನ್ಯೊ ಅವರನ್ನೂ ಕುಲದ ಹಿರಿಯರನ್ನೂ ಕರೆಸಿ, ಎಲ್ಲರ ಮುಂದೆ ಮೂರನೇ ಸಲ ಓದಿದೆ. ತಾವು ಬರೆದ ಹೊಗಳಿಕೆಯ ಸಾಲುಗಳ ಬಳಿ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾವು ಮನುಷ್ಯನನ್ನು ಎಷ್ಟು ಒಳ್ಳೆಯವನನ್ನಾಗಿ ಮಾಡುತ್ತದೆ!

ದುಡ್ಡಿನ ವಿಷಯ. ನೀರು ನುಂಗಿದವನನ್ನು ಪೆಟ್ರೋಲು ಸುರಿದು ಎಬ್ಬಿಸಲಾಗದು ಎಂದು ಹಿರಿಯರು ಹೇಳಿದರು. ನಮ್ಮ ಸರೋವರದ ತಾಯಿ ಲೋಲ್ವೆ ಕೊಡುವುದಾದರೆ ತಾನೇ ದಡಕ್ಕೆ ತಂದು ಕೊಡುತ್ತಾಳೆ. ಈ ತಿಂಗಳ ಇಪ್ಪತ್ತರವರೆಗೆ ಕಾಯುತ್ತೇವೆ. ಒಡೆರೊ ಬದುಕಿ ಬಂದರೆ ಅಥವಾ ಬದುಕಿರುವ ಸುದ್ದಿ ಬಂದರೆ ಸರಿ. ಬಾರದಿದ್ದರೆ ನೀರು ಉಳಿಸಿಕೊಂಡವರಿಗೆ ನಮ್ಮವರು ಏನು ಮಾಡುತ್ತಾರೋ ಅದನ್ನೇ ಮಾಡುತ್ತೇವೆ. ತಾವೂ ನಮ್ಮ ಕಡೆಯವರೇ ಇರಬೇಕು, ಬಿಡಿಸಿ ಹೇಳಬೇಕಿಲ್ಲ.

ಅಣ್ಣಾ, ಚೆನ್ನಾಗಿ ನೋಡಿ. ಒಮ್ಮೆ ಅಲ್ಲಿಯ ಚಪಾತಿ ಒಲೆಯ ಹಿಂದೆಯೂ ನೋಡಿ. ಸಿಕ್ಕರೆ ತಕ್ಷಣ ಬರೆಯಿರಿ. ಇಪ್ಪತ್ತರವರೆಗೆ ಬಾಗಿಲು ತೆರೆದಿರುತ್ತದೆ.

ಅಕೆಲೊ


ರೆಂಬಾ
14 ಮಾರ್ಚಿ 2015

ಮಾನ್ಯ ಅಕೆಲೊ ಅಮ್ಮನವರಿಗೆ,

ತಮ್ಮ ಕಲ್ಲೆದೆಗೆ ಏನು ಹೇಳಲಿ. ಒಡೆರೊ ಸಿಕ್ಕಿಲ್ಲ. ಎಲ್ಲ ಕಡೆ ನೋಡಿದೆ. ಒಲೆಯ ಹಿಂದೆಯೂ ನೋಡಿದೆ, ಅಲ್ಲಿ ಬೂದಿ ಮಾತ್ರ.

ತಾವು ನಂಬುತ್ತಿಲ್ಲವೆಂದು ತೋರುತ್ತದೆ. ಅದಕ್ಕೇ ನೀರಿನಲ್ಲಿ ತೇಲುತ್ತಿದ್ದ ಅವರ ಅಂಗಿಯನ್ನು ಈ ಪತ್ರದೊಂದಿಗೆ ಕಳಿಸುತ್ತಿದ್ದೇನೆ. ನೀಲಿ ಗೆರೆಯದ್ದು, ಎಡತೋಳಿಗೆ ತೇಪೆ ಹಾಕಿದ್ದು, ತಾವೇ ಹಾಕಿದ್ದಂತೆ. ಇನ್ನೂ ಸಾಕ್ಷಿ ಬೇಕೆ? ಸತ್ಯವಾಗಿಯೂ ಆತ ಮುಳುಗಿದ್ದಾನೆ. ಹೆಣವಾದರೂ ಸಿಗಬೇಡವೇ? ಕ್ರಿಯೆಗೆಂದು ಅಲ್ಲಿ ಹೋತ ಕಡಿಯುವ ಬದಲು ಆ ದುಡ್ಡನ್ನು ಇಲ್ಲಿಗೆ ಕಳಿಸಿ. ನಂಬರ್ ಅದೇ.

ಒಂಬೊಗೊ


ರೆಂಬಾ
6 ಏಪ್ರಿಲ್ 2015

ಅಕೆಲೊ, ಅಕೆಲೊ,

ನಾನು ಒಡೆರೊ. ಬದುಕಿದ್ದೇನೆ! ಒಂಬೊಗೊ ಎಂಬವನು ಯಾರೂ ಇಲ್ಲ. ನಾನೇ ಬರೆದದ್ದು. ತಮಾಷೆಗೆ ಬರೆದೆ, ಸಿಟ್ಟಿನಲ್ಲಿ ಬರೆದೆ, ಎಂಜಿನ್ ಬೇಕಿತ್ತು, ಅದಕ್ಕೆ ಬರೆದೆ. ಇಷ್ಟು ವರ್ಷ ಜೊತೆಗಿದ್ದವಳು ನೀನು, ನನ್ನ ಅಕ್ಷರ ಗುರುತಾಗಲಿಲ್ಲವೇ? ಹೆತ್ತ ತಾಯಿಗೂ ಗೊತ್ತಾಗಲಿಲ್ಲವೇ?

ಸಿಗದ ಹೆಣದ ಬದಲು ನನ್ನ ಹೆಸರಿನಲ್ಲಿ ಯಾಗೊ ಕಾಯಿ ಹೂತರಂತೆ. ನಮ್ಮ ದೋಣಿಯ ಯಜಮಾನ ಊರಿಗೆ ಹೋಗಿ ಬಂದವನು ದಡಕ್ಕೆ ಇಳಿದವನೇ ನನ್ನನ್ನು ನೋಡಿ ಬುಟ್ಟಿ ಕೆಳಗೆ ಹಾಕಿದ. "ಕೊಯೂಗೀಲಿ ನಿನ್ನ ಮಣ್ಣು ಮಾಡಿದ್ದನ್ನ ಕಣ್ಣಾರೆ ನೋಡ್ದೆ. ಹೂತವನನ್ನ ದೋಣಿ ಹತ್ತಿಸಿದ್ರೆ ಲೋಲ್ವೆ ನನ್ನ ಮಕ್ಕಳನ್ನ ಕೇಳ್ತಾಳೆ. ಹತ್ರ ಬರಬೇಡ," ಎಂದ. ನಾನು ಕೈ ಮುಟ್ಟಿ ನೋಡು ಎಂದೆ. ಮುಟ್ಟಲಿಲ್ಲ. ಅಂದಿನಿಂದ ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ಚಪಾತಿಯವಳು ತಟ್ಟೆಯನ್ನು ದೂರದಲ್ಲಿ ಇಟ್ಟು ಕೋಲಿನಿಂದ ತಳ್ಳುತ್ತಾಳೆ. ಬಲೆಗಳ ಪಕ್ಕದಲ್ಲಿ ಹೊರಗೆ ಮಲಗುತ್ತೇನೆ. ಮಿಲ್ಕಾ ನೋಡಿಯೂ ನೋಡದವಳಂತೆ ಹೋಗುತ್ತಾಳೆ.

ನನಗೆ ಎಂಜಿನ್ ಬೇಡ. ದುಡ್ಡು ಬೇಡ. ದೊಡ್ಡಪ್ಪನವರಿಗೆ ಹೇಳು, ಒಂದು ಕುರಿ ಕಡಿದು ಶುದ್ಧಿ ಮಾಡಿಸಿ ಆ ಕಾಯಿಯನ್ನು ತೆಗೆಸಲಿ. ನಾನು ಬಂದು ಒಂದಲ್ಲ, ಹತ್ತು ಕಂಬ ನೆಡುತ್ತೇನೆ. ನೀನು ಹೇಳಿದಂತೆ ಕೇಳಿಕೊಂಡು ಇರುತ್ತೇನೆ.

ನನಗೆ ನಿದ್ದೆ ಬರುತ್ತಿಲ್ಲ, ಅಕೆಲೊ. ನನ್ನ ಜಾಗದಲ್ಲಿ ಒಂದು ಕಾಯಿ ಮಲಗಿದೆ. ನಾಳೆ ನಾನು ನಿಜವಾಗಿ ಸತ್ತರೆ ನನ್ನನ್ನು ಎಲ್ಲಿ ಹೂಳುತ್ತಾರೆ?

ಒಡೆರೊ, ನಿನ್ನ ಗಂಡ


ಕೊಯೂಗಿ
15 ಏಪ್ರಿಲ್ 2015

ಒಡೆರೊ,

ಸತ್ತವರಿಗೆ ಪತ್ರ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಇದೊಂದು ಬರೆಯುತ್ತೇನೆ. ಇನ್ನು "ತಾವು" ಎನ್ನುವುದಿಲ್ಲ. ಆ ಮರ್ಯಾದೆಯನ್ನು ಬದುಕಿರುವವರಿಗೆ ಇಟ್ಟುಕೊಂಡಿದ್ದೇನೆ.

ನಿನ್ನ ಅಕ್ಷರ ನನಗೆ ಗುರುತಾಯಿತೋ ಇಲ್ಲವೋ, ನಿನ್ನ ತಾಯಿಗೆ ಅಕ್ಷರವೇ ಬೇಕಾಗಲಿಲ್ಲ. ಅವರಿಗೆ ಓದಲು ಬರುವುದಿಲ್ಲ, ನಿನಗೇ ಗೊತ್ತು. ನಾನು ಓದಿ ಹೇಳಿದಾಗ ಕಣ್ಣು ಮುಚ್ಚಿ ಕೇಳಿದರು. ಉದಾರಿ, ಧೈರ್ಯಶಾಲಿ, ಸುಂದರ ಪುರುಷ ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಅಲ್ಲೇ, ಅಲ್ಲೇ ಇನ್ನೊಂದ್ಸಲ ಓದು."

ಓದಿದೆ.

"ನನ್ನ ಮಗನ್ನ ಹೊಗಳೋ ಗೆಳೆಯ ಇನ್ನೂ ಹುಟ್ಟಿಲ್ಲ ಕಣೇ. ಇದು ಅವನೇ."

ನಾನು ಪತ್ರ ಹರಿಯಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡರು. ಹೊರಗೆ ಮೋಡ ಕಟ್ಟಿತ್ತು, ನಾನು ಒತ್ತು ಕೊಟ್ಟ ಗೋಡೆಯನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು, "ಹರೀಬೇಡ. ದೊಡ್ಡೋರನ್ನ ಕರಿ. ಅವನೇ ಸತ್ತೆ ಅಂದ್ಮೇಲೆ ನಾವ್ಯಾಕೆ ಇಲ್ಲ ಅನ್ನೋದು?"

ಆದರೂ ಅವರೇ ನಿನಗೆ ಇಪ್ಪತ್ತರವರೆಗೆ ಗಡುವು ಕೇಳಿಕೊಂಡರು. ಹಿರಿಯರು ವಾರ ಸಾಕು ಎಂದಿದ್ದರು. ಒಲೆಯ ಹಿಂದೆ ನೋಡು ಎಂದು ನಾನು ಬರೆದೆ. ಇದಕ್ಕಿಂತ ಬಿಡಿಸಿ ಬರೆಯಬೇಕಿದ್ದರೆ ಚಿತ್ರ ಬಿಡಿಸಬೇಕಿತ್ತು. ನೀನು ಏನು ಮಾಡಿದೆ? ಅಂಗಿ ಕಳಿಸಿದೆ. ನಿನ್ನ ಸಾವಿಗೆ ನೀನೇ ಸಾಕ್ಷಿ, ನೀನೇ ವಕೀಲ. ಹಿರಿಯರು ಅಂಗಿ ನೋಡಿ ಟೋಪಿ ತೆಗೆದರು. ಅವರ ಮೂಗಿಗೆ ವಯಸ್ಸಾಗಿದೆ. ಅತ್ತೆ ಮೂಸಿ ನೋಡಿ ನನ್ನ ಕಿವಿಯಲ್ಲಿ, "ಚಪಾತಿ ಎಣ್ಣೆ," ಎಂದರು. ಅಂದು ನಮಗಿಬ್ಬರಿಗೂ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡೆವು. ನೋಡಿದವರು ದುಃಖ ಎಂದುಕೊಂಡರು.

ಅದೇ ವಾರ ಮಿಲ್ಕಾ ಬಂದು, "ಅಕ್ಕಾ, ನಿನ್ನ ಗಂಡ ಮೀನು ಒಣಗಿಸೋ ಚಪ್ಪರದ ಹಿಂದೆ ಟೋಪಿ ಮುಖಕ್ಕೆಳೆದು ಕೂತಿದ್ದ," ಎಂದಳು. ಒಂದು ಪೊಟ್ಟಣ ಸಕ್ಕರೆ ಕೈಗಿಟ್ಟು, "ನೀನು ನೋಡಿದ್ದು ಒಂಬೊಗೊನನ್ನ," ಎಂದೆ. ಬಿಳಿಯರ ದುಡ್ಡಿನಲ್ಲಿ ನಾನು ಮಾಡಿದ ಒಳ್ಳೆಯ ಖರ್ಚುಗಳಲ್ಲಿ ಅದೂ ಒಂದು.

ಇಪ್ಪತ್ತೊಂದರಂದು ಯಾಗೊ ಮರದಿಂದ ಕಾಯಿ ಕೀಳಿಸಿದರು. ಎಳೆಯದ್ದಲ್ಲ, ಬಲಿತದ್ದು, ಮೊಳದುದ್ದ ಇತ್ತು. ನಿನ್ನ ನೀಲಿ ಗೆರೆಯ ಅಂಗಿ ತೊಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಮನೆಯ ಬಲಕ್ಕೆ ಗುಣಿ ತೋಡಿ ಮಲಗಿಸಿದರು. ನಿನಗಿಂತ ಭಾರವಾಗಿತ್ತು, ನಿನಗಿಂತ ಮಾತು ಕಡಿಮೆ. ಸಾವನ್ನು ಊರಾಚೆ ಅಟ್ಟಲು ದನಗಳನ್ನು ಓಡಿಸಿಕೊಂಡು ಹೋಗಿ ಬಂದರು, ಕೊಂಬು ಊದಿದರು. ಪಾದ್ರಿಯವರು ಬಂದು ನೀನು ಸ್ವರ್ಗಕ್ಕೆ ಹೋದೆ ಎಂದು ಹೇಳಿ ಹೋತದ ತೊಡೆ ತೆಗೆದುಕೊಂಡು ಹೋದರು. ಕೊನೆಯ ಕಂತಿನ ಒಂದು ಪಾಲು ನಿನ್ನ ಸಾವು ತಿಂದಿತು. ಬದುಕಿದ್ದಾಗ ನೀನು ತಂದುಹಾಕಿದ್ದಕ್ಕಿಂತ ಅದು ಹೆಚ್ಚೇ. ಆದರೂ ನನಗೆ ಬೇಸರವಿಲ್ಲ. ಅಷ್ಟು ಜನ ನಿನ್ನ ಹೆಸರಲ್ಲಿ ಹೊಟ್ಟೆ ತುಂಬ ಉಂಡದ್ದು ಅದೇ ಮೊದಲು.

ತಲೆ ಬೋಳಿಸಿಕೊಂಡೆ. ವಿಧವೆಯಾದವಳಿಗೆ ಕುಲದಲ್ಲೊಬ್ಬ ಗಂಡಸನ್ನು ಆರಿಸಿಕೊಳ್ಳುವ ಹಕ್ಕಿದೆ, ನಿನಗೆ ಗೊತ್ತು. ದೊಡ್ಡಪ್ಪನವರು, "ಯಾರು ಬೇಕು ತಾಯಿ?" ಎಂದು ಎಲ್ಲರ ಮುಂದೆ ಕೇಳಿದರು. ಒಬುಯ ಎಂದೆ. ಅವನು ಮೊದಲ ಕಂಬ ನೆಟ್ಟ. ನೆಡುವ ಮೊದಲು ಗುಣಿಯ ನೀರು ಬಾಚಿ, ಕಲ್ಲು ತುಂಬಿ, ಕಂಬ ನೆಟ್ಟಗಿದೆಯೇ ಎಂದು ಮೂರು ಕಡೆಯಿಂದ ನೋಡಿದ. ಗಂಡಸರು ಹಾಗೂ ಕೆಲಸ ಮಾಡುತ್ತಾರೆಂದು ನನಗೆ ಮರೆತೇ ಹೋಗಿತ್ತು. ಮೊದಲ ರಾತ್ರಿಯ ಪದ್ಧತಿಯೂ ಆಯಿತು. ಹೇಗಾಯಿತು ಎಂಬುದು ಬದುಕಿರುವವರ ಮಾತು.

ತಗಡು ಹಾಕಿದ ಮೂರನೇ ದಿನ ಹಳೆಯ ಮನೆಯ ಹಿಂಬದಿ ಗೋಡೆ ಪೂರ್ತಿ ಬಿತ್ತು. ನನ್ನ ಹಾಸಿಗೆ ಇರುತ್ತಿದ್ದ ಜಾಗದ ಮೇಲೆ, ತಬಿತಾ ಪುಸ್ತಕ ಇಡುತ್ತಿದ್ದ ಜಾಗದ ಮೇಲೆ. ನಾವು ಹೊಸ ಬಾಗಿಲಲ್ಲಿ ನಿಂತು ನೋಡಿದೆವು. ಅವಳು ನನ್ನ ಸೊಂಟ ಹಿಡಿದುಕೊಂಡಳು. ಆ ಹೊತ್ತು ನಿನ್ನ ಮೇಲೆ ನನಗೆ ಬಂದದ್ದು ಸಿಟ್ಟಲ್ಲ. ಸಿಟ್ಟಿಗೂ ಒಬ್ಬ ಮನುಷ್ಯ ಬೇಕಲ್ಲ, ಆ ಕಡೆ.

ಕುರಿ ಕಡಿದು ಕಾಯಿ ತೆಗೆಸು ಎಂದು ಬರೆದಿದ್ದೀಯ. ದೊಡ್ಡಪ್ಪನವರನ್ನು ಕೇಳಲೂ ಇಲ್ಲ, ಕೇಳುವುದೂ ಇಲ್ಲ. ಗೋರಿ ಇರುವವನು ಬಾಗಿಲಿಗೆ ಬಂದರೆ ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆ ಎನ್ನುತ್ತಾರೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಮಗಳಿರುವ ಮನೆಯಲ್ಲಿ ಪರೀಕ್ಷೆ ಮಾಡಿ ನೋಡುವವಳು ನಾನಲ್ಲ.

ಒಂದೇ ವಿಷಯ ಉಳಿದಿದೆ, ಅದು ನಿನ್ನ ತಾಯಿಯದು. ಮಣ್ಣು ಮಾಡಿದ ಸಂಜೆ ಅವರು ಎದೆ ಬಡಿದುಕೊಂಡು ಅತ್ತರು, ಊರೇ ಮೆಚ್ಚುವ ಹಾಗೆ. ಚೆನ್ನಾಗಿ ಆಡುತ್ತಾರೆ ಎಂದುಕೊಂಡು ನಾನು ಒಳಗೊಳಗೇ ನಕ್ಕೆ. ಜನ ಹೋದರು, ಪಾತ್ರೆ ತೊಳೆದಾಯಿತು, ಅವರ ಅಳು ನಿಲ್ಲಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಆ ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಕೂತಿದ್ದರು, ಒಬ್ಬರೇ. ಯಾರಿಗೆ ತೋರಿಸಲು? ಅಂಗಳದಲ್ಲಿ ಕೋಳಿ ಬಿಟ್ಟರೆ ಯಾರೂ ಇರಲಿಲ್ಲ. ನಾನು ಹೋಗಿ, "ಅತ್ತೆ, ಅದು ಬರೀ ಕಾಯಿ," ಎಂದೆ. "ನಂಗೊತ್ತು," ಎಂದರು. ಅಳುತ್ತಲೇ ಇದ್ದರು. ಅಂದಿನಿಂದ ನನಗೆ ನಗು ಬಂದಿಲ್ಲ.

ನಿನ್ನ ಪತ್ರವನ್ನು ಅವರಿಗೆ ಓದಿದೆ. ಎಲ್ಲಿ ಹೂಳುತ್ತಾರೆ ಎಂದು ನೀನು ಕೇಳಿದ್ದನ್ನೂ ಬಿಡದೆ ಓದಿದೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು, ಕೈ ನಿಲ್ಲಿಸಲಿಲ್ಲ. ಉತ್ತರ ಏನು ಬರೆಯಲಿ ಎಂದು ಕೇಳಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ:

"ಸುಳ್ಳಿಗೆ ಅಂತ ಅಳೋಕೆ ಶುರು ಮಾಡ್ದೆ, ನಿಜಕ್ಕೇ ಅತ್ತುಬಿಟ್ಟೆ ಅಂತ ಬರಿ. ನನ್ನ ಹತ್ರ ಇದ್ದ ಕಣ್ಣೀರು ಅಷ್ಟೇ, ಎಲ್ಲ ಆ ಕಾಯಿಗೆ ಹೋಯ್ತು. ಎಲ್ಲಾದ್ರೂ ಬದುಕ್ಕೊಳ್ಲಿ. ಎರಡನೇ ಸಲ ಸಾಯೋಕೆ ಮಾತ್ರ ನನ್ನ ಹತ್ರ ಬರೋದು ಬೇಡ."

ಅಕೆಲೊ